ಮಲ್ಲಿಗೆಯ ದರ, ಮೊಬೈಲಿನ ಅವಸರ

ಉಡುಪಿ ಜಿಲ್ಲೆಯ ಇನ್ನಂಜೆ, ಪಕ್ಕದ ಶಂಕರಪುರದ ಕಡೆ ಮಲ್ಲಿಗೆ ಬೆಳೆದವರಿಗೆ ಬೆಳಗ್ಗೆ ಪುರುಸೊತ್ತಿಲ್ಲ. ಮೊಗ್ಗು ಅರಳುವ ಮುಂಚೆ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. ಹೀಗೆ ಕಟ್ಟಿದ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅದರ ದರ ದಿನಕ್ಕೊಂದು. ಮದುವೆ, ದೈವದ ನೇಮಗಳ ಕಾಲದಲ್ಲಿ ಅಟ್ಟೆಗೆ 2,000 ರೂಪಾಯಿ ದಾಟುವುದೂ ಉಂಟು, ಬೇಡಿಕೆ ಇಲ್ಲದಾಗ ಕೆಲವು ನೂರಕ್ಕೆ ಇಳಿಯುವುದೂ ಉಂಟು. ನಾಳೆಗೆ ಎತ್ತಿಡಲಾಗದ ಇಂಥ ಸರಕಿಗೆ ಕೂಡಲೇ ಮುಟ್ಟುವ ಸಂದೇಶ ಎಷ್ಟು ಒಳ್ಳೆಯದು, ಎಷ್ಟು ಕಿರಿಕಿರಿ?

ಒಳ್ಳೆಯದು ಕಣ್ಣಿಗೆ ಕಾಣುವಂಥದ್ದೇ. ದರ ಎಲ್ಲರ ಮೊಬೈಲಿಗೂ ಒಟ್ಟಿಗೆ ಬಂದರೆ ಕಟ್ಟೆಯಿಂದ ದೂರ ಇರುವವರು ಇನ್ನೊಬ್ಬರ ಬಾಯಿಮಾತು ನಂಬಿ ಕೂರಬೇಕಾಗಿಲ್ಲ. ನಾಳಿನ ಮದುವೆಗೆ ಎಷ್ಟು ಚೆಂಡು ಬೇಕೆಂದು ಕೇಳಿದವರ ಮಾತು ಬರಹದಲ್ಲೇ ಉಳಿಯುವುದರಿಂದ, ಆಮೇಲೆ ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನುವಂತಿಲ್ಲ. ಮುಂಬೈಯಲ್ಲೋ ದುಬೈಯಲ್ಲೋ ಇರುವ ಮಗ ಕೆಲಸದ ನಡುವೆ ಎರಡು ಸಾಲು ಬರೆದು ಮನೆಯ ಸಮಾಚಾರ ಕೇಳಬಹುದು. ಕಿವಿ ಕೇಳದವರಿಗಂತೂ ಇದು ಫೋನಿಗೆ ಬದಲಿಯಲ್ಲ, ಅವರ ಫೋನೇ ಇದು. ಅಮೆರಿಕದ ದೂರಸಂಪರ್ಕ ಆಯೋಗ 2016ರಲ್ಲಿ ಅಕ್ಷರ ಒತ್ತಿದಂತೆಯೇ ಆಚೆ ಕಡೆ ಕಾಣಿಸುವ ‘ರಿಯಲ್ ಟೈಮ್ ಟೆಕ್ಸ್ಟ್’ಗೆ ನಿಯಮ ಮಾಡಿದ್ದು ಇಂಥವರಿಗಾಗಿಯೇ. ಆಪತ್ತಿನಲ್ಲಿ ಅರ್ಧ ಬರೆದ ವಾಕ್ಯವೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹೂ ಕಟ್ಟುವವರ ಎರಡೂ ಕೈಗೆ ಕೆಲಸ. ಸಂದೇಶ ಓದಿ ಆಮೇಲೆ ಉತ್ತರಿಸೋಣ ಎಂದುಕೊಂಡರೆ ಆಚೆಯವರಿಗೆ ನೀಲಿ ಗೀಟು ಕಂಡಿರುತ್ತದೆ. ‘ನೋಡಿಯೂ ಸುಮ್ಮನಿದ್ದಾರೆ’ ಎಂಬ ಮುನಿಸು ಶುರು. 2014ರಲ್ಲಿ ವಾಟ್ಸ್ಆ್ಯಪ್ ಈ ಗೀಟು ತಂದ ಮೇಲೆ ಮೌನಕ್ಕೂ ಅರ್ಥ ಹಚ್ಚುವ ಅಭ್ಯಾಸ ಬೆಳೆಯಿತು. ಅಕ್ಷರದಲ್ಲಿ ದನಿ ಇಲ್ಲದ್ದರಿಂದ ತಮಾಷೆ ಜಗಳವಾಗುತ್ತದೆ. ಓದಲು ಕಷ್ಟಪಡುವ ಹಿರಿಯರು ತಮ್ಮದೇ ವ್ಯವಹಾರಕ್ಕೆ ಮೊಮ್ಮಕ್ಕಳನ್ನು ಕಾಯಬೇಕಾಗುತ್ತದೆ. ನಿನ್ನೆಯ ದರ ಇಂದಿನದೆಂದು ಹರಿದಾಡಿದರೂ ತಡೆಯುವವರಿಲ್ಲ. ಸುಳ್ಳು ಸುದ್ದಿಗೆ ಜನ ಬಲಿಯಾದ ಮೇಲೆ, 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ವಾಟ್ಸ್ಆ್ಯಪ್ ಮಿತಿ ಹಾಕಬೇಕಾಯಿತು.

ಈ ಎಳೆದಾಟ ಮೊಬೈಲಿಗಿಂತ ಹಳೆಯದು. 1973ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೋ’ ಕಂಪ್ಯೂಟರ್ ವ್ಯವಸ್ಥೆಗೆ ಡಗ್ ಬ್ರೌನ್, ಡೇವಿಡ್ ವೂಲಿ ಇಬ್ಬರೂ ಸೇರಿ ‘ಟಾಕೊಮ್ಯಾಟಿಕ್’ ಬರೆದರು. ಒಬ್ಬರು ಒತ್ತಿದ ಅಕ್ಷರ ಆಗಲೇ ಉಳಿದವರ ಪರದೆಯಲ್ಲಿ ಮೂಡುತ್ತಿತ್ತು. ತಡವರಿಸಿದ್ದು, ಅಳಿಸಿದ್ದು ಎಲ್ಲ ಬಯಲು. ಯುನಿಕ್ಸ್‌ನ ‘ಟಾಕ್’ ಕೂಡ ಅದೇ ಬಗೆಯದು. ಆದರೆ ಕರೆ ಬಂದವರು ಒಪ್ಪಿ ಉತ್ತರಿಸಿದರೆ ಮಾತ್ರ ಅಲ್ಲಿ ಮಾತು ಶುರುವಾಗುತ್ತಿತ್ತು. ಕೆಲಸದಲ್ಲಿದ್ದವರು ‘ಮೆಸ್ಜ್ ಎನ್’ ಎಂದು ಟೈಪಿಸಿದರೆ ಬೇರೆಯವರ ಅಕ್ಷರ ಅವರ ಪರದೆಗೆ ಬರುತ್ತಲೇ ಇರಲಿಲ್ಲ. ಅದನ್ನು ಸೊಕ್ಕು ಎಂದು ತಿಳಿಯುವ ಕಾರಣವಿರಲಿಲ್ಲ.

ಇಂದಿನ ಫೋನಿನಲ್ಲೂ ಗೀಟು ಮರೆಮಾಡಬಹುದು, ಗ್ರೂಪಿನ ಸದ್ದು ಅಡಗಿಸಬಹುದು. ಗುಂಡಿ ಇದೆ, ಅದನ್ನು ಒತ್ತಿದವರನ್ನು ಒಪ್ಪಿಕೊಳ್ಳುವ ರೂಢಿ ಕಡಿಮೆ. ಹಾಗಾಗಿ ತಕ್ಕಡಿ ಯಾವ ಕಡೆ ಬಾಗುತ್ತದೆಂಬುದು ವಿಷಯದ ಮೇಲೆ ನಿಂತಿದೆ. ದರ, ಲೆಕ್ಕ, ವಿಳಾಸ, ನಾಳೆಯ ಆರ್ಡರು ಇವಕ್ಕೆಲ್ಲ ಬರಹವೇ ವಾಸಿ, ತಪ್ಪಾದರೆ ತೆಗೆದು ತೋರಿಸಬಹುದು. ಚೌಕಾಸಿ, ಅಸಮಾಧಾನ, ಸಾವಿನ ಸುದ್ದಿಗೆ ದನಿ ಬೇಕು. ಅಲ್ಲಿ ಬೆರಳು ಬಿಟ್ಟು ಫೋನೇ ಮಾಡಬೇಕು. ಇನ್ನು ಉತ್ತರ ಎಷ್ಟು ಹೊತ್ತಿಗೆ ಬೇಕೆಂಬುದನ್ನು ಕೇಳುವವರೇ ಸಂದೇಶದಲ್ಲಿ ಬರೆದುಬಿಟ್ಟರೆ, ಅರ್ಧ ಮುನಿಸು ಹುಟ್ಟುವುದೇ ಇಲ್ಲ.