ಧೂಳು ಹೀರುವ ಯಂತ್ರದ ಆಯುಸ್ಸು, ಮನೆಮಂದಿಯ ಉಸಿರು

ಮಹಾನಗರದ ಮಧ್ಯಮವರ್ಗದ ಮನೆಗಳಲ್ಲಿ ಒಂದು ಕಾಲಕ್ಕೆ ಪ್ರತಿಷ್ಠೆಯ ವಸ್ತುವಾಗಿದ್ದ ವ್ಯಾಕ್ಯೂಮ್ ಕ್ಲೀನರ್, ಅರ್ಥಾತ್ ಧೂಳು ಹೀರುವ ಯಂತ್ರ, ಈಗ ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳ ಸಾಲಿಗೆ ಸೇರಿದೆ. ಆದರೆ ಮಿಕ್ಸರಿಗೆ ದೊರೆಯುವ ಆದರ ಇದಕ್ಕೆ ದೊರೆತಿಲ್ಲ. ಕೊಂಡ ಹೊಸತರಲ್ಲಿ ನೆರೆಹೊರೆಯವರೆದುರು ಮೆರೆದ ಯಂತ್ರವು ಕೆಲವೇ ವರ್ಷಗಳಲ್ಲಿ ಅಟ್ಟವನ್ನೇರುತ್ತದೆ. ‘ಮೊದಲಿನಂತೆ ಹೀರುವುದಿಲ್ಲ’, ‘ಮೋಟಾರು ಸುಟ್ಟುಹೋಯಿತು’ ಎಂಬ ಎರಡು ಮಾತುಗಳಲ್ಲಿ ಅದರ ಚರಮಗೀತೆ ಮುಗಿಯುತ್ತದೆ. ಯಂತ್ರಕ್ಕೆ ವಯಸ್ಸಾಯಿತೆಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ. ವಾಸ್ತವದಲ್ಲಿ ಬಹಳಷ್ಟು ಯಂತ್ರಗಳು ಸಾಯುವುದು ಮುಪ್ಪಿನಿಂದಲ್ಲ, ಉಸಿರುಕಟ್ಟಿ. ಉಸಿರುಕಟ್ಟಿದ ಯಂತ್ರವು ತಾನು ಸಾಯುವುದಕ್ಕೆ ಮುನ್ನ ಮನೆಮಂದಿಯ ಉಸಿರಿಗೂ ತೊಂದರೆ ಕೊಡುತ್ತದೆ ಎಂಬುದು ಇನ್ನೂ ಗಂಭೀರವಾದ ಸಂಗತಿ. ಆದುದರಿಂದ ಈ ಯಂತ್ರದ ಪಾಲನೆಯು ಕೇವಲ ಮಿತವ್ಯಯದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆಯೂ ಹೌದು.

ಯಂತ್ರದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ನಿರ್ಮಿಸಿದ ಮೊದಲ ಹೀರುಯಂತ್ರವು ಕುದುರೆಗಾಡಿಯ ಮೇಲೆ ಹೊತ್ತು ತರಬೇಕಾದಷ್ಟು ಬೃಹತ್ತಾಗಿತ್ತು. ಅದನ್ನು ಮನೆಯೊಳಕ್ಕೆ ತರುವ ದಾರಿ ತೋರಿದವನು ಅಮೆರಿಕದ ಓಹಿಯೋ ರಾಜ್ಯದ ಕ್ಯಾಂಟನ್ ನಗರದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ಕಸ ಗುಡಿಸುವ ನೌಕರನಾಗಿದ್ದ ಆತನಿಗೆ ಉಬ್ಬಸದ ವ್ಯಾಧಿಯಿತ್ತು. ಗುಡಿಸುವಾಗ ಏಳುವ ಧೂಳು ತನ್ನ ಎದೆಯನ್ನು ಕೆಡಿಸುತ್ತಿದೆಯೆಂದು ಮನಗಂಡು, ಫ್ಯಾನಿನ ಮೋಟಾರಿಗೆ ದಿಂಬಿನ ಗವಸನ್ನು ಜೋಡಿಸಿ ಆತ ಕೈಯಿಂದ ನಡೆಸುವ ಯಂತ್ರವೊಂದನ್ನು ರಚಿಸಿದ. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆ ಯಂತ್ರದಲ್ಲಿ ಮೋಟಾರಿನಷ್ಟೇ ಮಹತ್ವದ ಸ್ಥಾನ ದಿಂಬಿನ ಗವಸಿನದು. ಗಾಳಿಯನ್ನು ಹೊರಗೆ ಬಿಟ್ಟು ಧೂಳನ್ನು ಒಳಗೆ ಹಿಡಿದಿಡುವ ಬಟ್ಟೆಯಿಲ್ಲದಿದ್ದರೆ ಯಂತ್ರವು ಧೂಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುವ ಹಮಾಲಿಯಷ್ಟೇ ಆಗುತ್ತದೆ.

ಉಸಿರುಕಟ್ಟುವ ಬಗೆ

ಮೋಟಾರು ಸುಡುವುದಕ್ಕೂ ಚೀಲ ತುಂಬುವುದಕ್ಕೂ ಏನು ಸಂಬಂಧವೆಂದು ಹಲವರಿಗೆ ಅಚ್ಚರಿಯಾಗಬಹುದು. ತಂತಿಯುಳ್ಳ ಸಾಮಾನ್ಯ ಯಂತ್ರದ ಮೋಟಾರು ನಿಮಿಷಕ್ಕೆ 20,000 ಸುತ್ತುಗಳಿಗೂ ಮಿಗಿಲಾದ ವೇಗದಲ್ಲಿ ತಿರುಗುತ್ತದೆ. ಅಷ್ಟು ವೇಗದಲ್ಲಿ ಹುಟ್ಟುವ ಶಾಖವನ್ನು ಒಯ್ಯುವುದಕ್ಕೆ ಅನೇಕ ಮಾದರಿಗಳಲ್ಲಿ ಪ್ರತ್ಯೇಕ ವ್ಯವಸ್ಥೆಯಿಲ್ಲ. ನಳಿಗೆಯಿಂದ ಬಂದು, ಚೀಲವನ್ನೂ ಫಿಲ್ಟರನ್ನೂ ದಾಟಿದ ಗಾಳಿಯೇ ಮೋಟಾರನ್ನೂ ತಂಪಾಗಿಸಿ ಹೊರಬೀಳುತ್ತದೆ. ಚೀಲ ತುಂಬಿದರೆ ಅಥವಾ ಫಿಲ್ಟರಿನ ರಂಧ್ರಗಳು ಮುಚ್ಚಿಹೋದರೆ ಹೀರುವ ಶಕ್ತಿ ಕುಂದುವುದರೊಂದಿಗೆ ತಂಪಿನ ಗಾಳಿಯೂ ನಿಲ್ಲುತ್ತದೆ. ಆಗ ಯಂತ್ರದ ಧ್ವನಿ ತಗ್ಗುವ ಬದಲು ಕೀರಲಾಗಿ ಏರುತ್ತದೆ. ಎಳೆಯಬೇಕಾದ ಗಾಳಿಯ ಹೊರೆ ಕಡಿಮೆಯಾದ ಮೋಟಾರು ಮತ್ತಷ್ಟು ವೇಗವಾಗಿ ಸುತ್ತುವುದೇ ಇದಕ್ಕೆ ಕಾರಣ. ಆ ಕೂಗನ್ನು ‘ಚೆನ್ನಾಗಿ ಎಳೆಯುತ್ತಿದೆ’ ಎಂದು ಅರ್ಥೈಸುವ ಮನೆಗಳುಂಟು. ಅದು ಶಕ್ತಿಯ ಘೋಷವಲ್ಲ, ಆರ್ತನಾದ.

ಮಧ್ಯದಲ್ಲಿ ಯಂತ್ರವು ತಾನಾಗಿಯೇ ನಿಂತುಬಿಡುವುದು ಎರಡನೆಯ ಎಚ್ಚರಿಕೆ. ಶಾಖ ಮಿತಿಮೀರಿದಾಗ ವಿದ್ಯುತ್ತನ್ನು ಕಡಿಯುವ ರಕ್ಷಣೆ ಹಲವು ಯಂತ್ರಗಳಲ್ಲಿರುತ್ತದೆ. ಅರ್ಧ ಗಂಟೆ ಬಿಟ್ಟರೆ ಅವು ಮತ್ತೆ ಚಾಲೂ ಆಗುತ್ತವೆ. ಮನೆಯವರು ಅಡಚಣೆಯನ್ನು ಹುಡುಕದೆ ಪುನಃ ಸ್ವಿಚ್ಚು ಒತ್ತುತ್ತಾರೆ. ಹೀಗೆ ನಾಲ್ಕಾರು ಬಾರಿ ನಡೆದ ಮೇಲೆ ಸುರುಳಿಯ ತಂತಿಗಳ ಹೊದಿಕೆ ಸುಟ್ಟು ವಾಸನೆ ಬರುತ್ತದೆ. ಆ ವಾಸನೆ ಬಂದ ಬಳಿಕ ಉಪದೇಶದಿಂದ ಪ್ರಯೋಜನವಿಲ್ಲ.

ತುಂಬಿದ ಚೀಲ, ತುಂಬಿದ ಎದೆ

ಮನೆಯ ಧೂಳೆಂದರೆ ಮಣ್ಣು ಮಾತ್ರವಲ್ಲ. ಚರ್ಮದ ಹೊಟ್ಟು, ಬಟ್ಟೆಯ ನೂಲು, ಶಿಲೀಂಧ್ರದ ಬೀಜಕಣ, ಜಿರಳೆಯ ಅವಶೇಷ ಇವೆಲ್ಲವೂ ಅದರಲ್ಲಿವೆ. ಧೂಳಿನ ಅಲರ್ಜಿಗೆ ಮುಖ್ಯ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಹುಳು ಎಂಬುದನ್ನು ನೆದರ್ಲೆಂಡ್ಸಿನ ಫೂರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಮೊದಲಾದ ವಿಜ್ಞಾನಿಗಳು 1960ರ ದಶಕದಲ್ಲಿ ತೋರಿಸಿಕೊಟ್ಟರು. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇಲ್ಲದ ಈ ಹುಳು ಹಾಸಿಗೆ, ದಿಂಬು, ಸೋಫಾಗಳಲ್ಲಿ ವಾಸಿಸುತ್ತದೆ. ಅದರ ಮಲದ ಕಣಗಳೇ ಉಬ್ಬಸವನ್ನು ಕೆರಳಿಸುತ್ತವೆ. ತೇವವಿರುವಲ್ಲಿ ಇದರ ಸಂತತಿ ಬೆಳೆಯುತ್ತದೆ. ಜುಲೈ ತಿಂಗಳ ಮುಂಬಯಿಯಾಗಲಿ, ಕಡಲಿನ ಮಗ್ಗುಲಲ್ಲಿರುವ ಚೆನ್ನೈಯಾಗಲಿ ಇದಕ್ಕೆ ಹೇಳಿ ಮಾಡಿಸಿದ ನೆಲೆಗಳು. ಇದರ ಜೊತೆಗೆ ಹಳೆಯ ಕಟ್ಟಡಗಳನ್ನು ಕೆಡವಿ ಗೋಪುರಗಳನ್ನೇರಿಸುವ ಕಾಮಗಾರಿಯ ಸಿಮೆಂಟಿನ ಹುಡಿ ಬೇರೆ.

ಈ ಎಲ್ಲವನ್ನೂ ಯಂತ್ರ ಹೀರುತ್ತದೆ, ನಿಜ. ಆದರೆ ಫಿಲ್ಟರು ಹರಿದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ ದಪ್ಪ ಕಸ ಚೀಲದಲ್ಲಿ ಉಳಿದು, ಶ್ವಾಸಕೋಶದ ಆಳಕ್ಕಿಳಿಯಬಲ್ಲ ಸೂಕ್ಷ್ಮ ಕಣಗಳು ಹಿಂಬದಿಯ ಬಿಸಿಗಾಳಿಯೊಡನೆ ಕೋಣೆಗೆ ಮರಳುತ್ತವೆ. ಹೆಪಾ ಎಂಬ ಹೆಸರಿನ ಉತ್ತಮ ಫಿಲ್ಟರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ತಡೆಯಬಲ್ಲದು, ಆದರೆ ಅಂಚಿನ ರಬ್ಬರು ಸಡಿಲವಾಗಿದ್ದರೆ ಆ ಅಂಕಿಗೆ ಯಾವ ಬೆಲೆಯೂ ಇಲ್ಲ. ಬೆಳಿಗ್ಗೆ ಯಂತ್ರ ನಡೆಸಿದ ದಿನವೇ ಅಜ್ಜಿಯ ಕೆಮ್ಮು ಹೆಚ್ಚಿತೆಂದರೆ ಔಷಧದ ಬಾಟಲಿಗೆ ಕೈಚಾಚುವ ಮೊದಲು ಯಂತ್ರದ ಬೆನ್ನು ಬಿಚ್ಚಿ ನೋಡುವುದು ವಿಹಿತ.

ಹೀಗೆ ಯಂತ್ರದ ಬಾಳು, ಮನೆಯವರ ಉಸಿರು ಎರಡೂ ಒಂದೇ ಫಿಲ್ಟರನ್ನು ಆಶ್ರಯಿಸಿವೆ. ಒಂದನ್ನು ಕಾಪಾಡುವ ಕ್ರಮವೇ ಇನ್ನೊಂದನ್ನೂ ಕಾಪಾಡುತ್ತದೆ.

ಪಾಲನೆಯ ಕ್ರಮ

ಚೀಲವಾಗಲಿ ಡಬ್ಬಿಯಾಗಲಿ ಮುಕ್ಕಾಲು ಭಾಗ ತುಂಬುವುದರೊಳಗೆ ಬರಿದಾಗಬೇಕು. ಅದನ್ನು ಬಾಲ್ಕನಿಯಲ್ಲಿ ಕೊಡವಿ ಕೆಳಮನೆಯವರಿಗೆ ದಾನ ಮಾಡದೆ, ದೊಡ್ಡ ಚೀಲದೊಳಗಿಟ್ಟು ನಿಧಾನವಾಗಿ ಬರಿದು ಮಾಡುವುದು ಲೇಸು. ಉಬ್ಬಸ, ಅಲರ್ಜಿಗಳುಳ್ಳವರು ಈ ಕೆಲಸಕ್ಕೆ ಕೈಹಾಕಬಾರದು. ಮಾಡುವವರು ಮೂಗು ಬಾಯಿಗಳನ್ನು ಮುಚ್ಚಿಕೊಂಡಿರಬೇಕು. ತೊಳೆಯಬಹುದಾದ ಸ್ಪಂಜಿನ ಫಿಲ್ಟರನ್ನು ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಕನಿಷ್ಠ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಒಣಗಿಸಬೇಕು. ಹಸಿಯಾಗಿಯೇ ಕೂರಿಸಿದರೆ ಬೂಷ್ಟು ಹಿಡಿಯುತ್ತದೆ, ಮೋಟಾರಿಗೂ ತೇವ ತಗಲುತ್ತದೆ. ತೊಳೆಯಬಹುದೆಂದು ಕೈಪಿಡಿ ಹೇಳದ ಫಿಲ್ಟರಿಗೆ ನೀರು ಸೋಕಿಸಬಾರದು. ಫಿಲ್ಟರಿಲ್ಲದೆ ಯಂತ್ರವನ್ನು ‘ಇದೊಂದು ಸಲ’ ನಡೆಸುವ ಔದಾರ್ಯವೂ ಬೇಡ.

ರಂಗೋಲಿಯ ಹುಡಿ, ಊದುಬತ್ತಿಯ ಬೂದಿ, ಮುಖದ ಪೌಡರು, ಗೋಡೆ ಕೊರೆದಾಗ ಉದುರುವ ಸಿಮೆಂಟು ಇವು ಫಿಲ್ಟರಿನ ಶತ್ರುಗಳು. ಕ್ಷಣಮಾತ್ರದಲ್ಲಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಇವಕ್ಕೆ ಒದ್ದೆ ಬಟ್ಟೆಯೇ ತಕ್ಕ ಮದ್ದು. ಒಣಕಸಕ್ಕೆಂದೇ ಮಾಡಿದ ಯಂತ್ರಕ್ಕೆ ನೀರು ಕುಡಿಸುವುದು ವಿದ್ಯುದಾಘಾತಕ್ಕೆ ಆಹ್ವಾನ. ಸುತ್ತುವ ಬ್ರಷ್ಷಿಗೆ ಸಿಕ್ಕಿದ ಕೂದಲನ್ನು ವಾರಕ್ಕೊಮ್ಮೆ ಕತ್ತರಿಯಿಂದ ತೆಗೆಯಬೇಕು. ಇಲ್ಲವಾದರೆ ಅದು ಬೆಲ್ಟನ್ನು ತಿನ್ನುತ್ತದೆ. ನಳಿಗೆಯನ್ನು ಹಿಡಿದು ಯಂತ್ರವನ್ನು ಎಳೆಯುವುದು, ವಯರನ್ನು ಜಗ್ಗಿ ಪ್ಲಗ್ಗು ಕೀಳುವುದು ಎರಡೂ ಅನುಚಿತ. 1,200 ವ್ಯಾಟಿನ ಯಂತ್ರವು 230 ವೋಲ್ಟಿನಲ್ಲಿ ಐದು ಆಂಪಿಯರಿಗೂ ಹೆಚ್ಚಿನ ವಿದ್ಯುತ್ತನ್ನು ಎಳೆಯುವುದರಿಂದ ಟೇಬಲ್ ಲ್ಯಾಂಪಿನ ತೆಳು ಎಕ್ಸ್‌ಟೆನ್ಶನ್ ವಯರು ಅದಕ್ಕೆ ಸಲ್ಲದು. ಬ್ಯಾಟರಿಯ ಯಂತ್ರವನ್ನು ಬಳಸಿದೊಡನೆ ಬಿಸಿಯಲ್ಲಿಯೇ ಚಾರ್ಜಿಗೆ ಹಚ್ಚಬಾರದು. ಪೂರ್ತಿ ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇಡಲೂಬಾರದು. ಲಿಥಿಯಮ್ ಕೋಶಗಳಿಗೆ ಶಾಖವೂ ಹಸಿವೂ ಸಮಾನ ವೈರಿಗಳು.

ಎಲ್ಲಕ್ಕಿಂತ ಮಿಗಿಲಾದ ಸೂತ್ರ, ಬೇಕಾದಲ್ಲಿ ಮಾತ್ರ ಬಳಸುವುದು. ಟೈಲ್ಸಿನ ಬರಿನೆಲಕ್ಕೆ ಒದ್ದೆ ಬಟ್ಟೆ ಸಾಕು. ಹಾಸಿಗೆ, ಸೋಫಾ, ಪರದೆ, ಕಿಟಕಿಯ ಜಾಲರಿ, ಪುಸ್ತಕದ ಕಪಾಟುಗಳಿಗೆ ಯಂತ್ರವನ್ನು ಮೀಸಲಿಟ್ಟರೆ ಅದರ ದುಡಿಮೆ ಸಾರ್ಥಕ, ಸವೆತ ಅಲ್ಪ.

ತಪ್ಪು ಯಾರದು?

ಯಂತ್ರ ಕೆಟ್ಟಾಗ ಮೊದಲು ಬೊಟ್ಟು ತೋರುವುದು ಮನೆಗೆಲಸದವಳ ಕಡೆಗೆ. ‘ಆಳು ಮಾಡಿದ್ದು ಹಾಳು’ ಎಂಬ ಗಾದೆ ಎಲ್ಲರ ನಾಲಗೆಯ ತುದಿಯಲ್ಲಿದೆ. ಆದರೆ ಆ ಹೆಣ್ಣುಮಗಳಿಗೆ ಚೀಲ ಎಲ್ಲಿದೆಯೆಂದು ತೋರಿಸಿದವರು ಯಾರು? ಕೈಪಿಡಿ ಆಕೆ ಓದಲಾಗದ ಭಾಷೆಯಲ್ಲಿ ಅಚ್ಚಾಗಿ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಹಿಂಬದಿಯ ಗಾಳಿಯನ್ನು ಅತಿ ಸಮೀಪದಿಂದ ಉಸಿರಾಡುವವಳು ಆಕೆಯೇ. ದಿನಕ್ಕೆ ನಾಲ್ಕು ಮನೆಗಳಲ್ಲಿ ನಾಲ್ಕು ಹರಕು ಫಿಲ್ಟರುಗಳ ಧೂಳನ್ನು ಕುಡಿಯುವ ಆಕೆಯ ಎದೆಯ ಲೆಕ್ಕ ಯಾವ ಮನೆಯ ಖರ್ಚಿನ ಪುಸ್ತಕದಲ್ಲಿಯೂ ಇರುವುದಿಲ್ಲ. ಹತ್ತು ನಿಮಿಷ ಕುಳಿತು ಆಕೆಗೆ ಆಕೆಯ ಭಾಷೆಯಲ್ಲಿ ಯಂತ್ರವನ್ನು ವಿವರಿಸುವುದು, ಒಂದು ಒಳ್ಳೆಯ ಮಾಸ್ಕನ್ನು ಕೊಡುವುದು ಉಪಕಾರವಲ್ಲ. ಕೆಲಸ ಕೊಟ್ಟವರ ಕರ್ತವ್ಯ.

ತಯಾರಕರ ಹೊಣೆಯೂ ಚಿಕ್ಕದಲ್ಲ. ಐರೋಪ್ಯ ಒಕ್ಕೂಟವು 2013ರಲ್ಲಿ ರಚಿಸಿದ ನಿಯಮದಂತೆ 2017ರ ಸೆಪ್ಟೆಂಬರಿನಿಂದ ಅಲ್ಲಿ ಮಾರುವ ಯಂತ್ರದ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ನಳಿಗೆ 40,000 ಬಾರಿ ಬಾಗಿದರೂ ಬಳಕೆಗೆ ಒದಗಬೇಕು, ಮರಳಿ ಹೊರಬೀಳುವ ಧೂಳು ಶೇಕಡಾ 1ನ್ನು ಮೀರಬಾರದು, ವಿದ್ಯುತ್ತಿನ ಬಳಕೆ 900 ವ್ಯಾಟಿನೊಳಗಿರಬೇಕು. ವಾರಕ್ಕೆ ಒಂದು ಗಂಟೆ ನಡೆಸುವ ಮನೆಯಲ್ಲಿ 500 ಗಂಟೆಯೆಂದರೆ ಒಂಬತ್ತು ವರ್ಷಕ್ಕೂ ಹೆಚ್ಚು. ವ್ಯಾಟು ಹೆಚ್ಚಿದಷ್ಟೂ ಯಂತ್ರ ಮೇಲೆಂಬ ಮಾರಾಟಗಾರರ ಮಾತಿಗೂ ಇದರಲ್ಲಿ ಉತ್ತರವಿದೆ. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿಯನ್ನು ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಜಾಲತಾಣವನ್ನು ತೆರೆದದ್ದು ಸ್ವಾಗತಾರ್ಹ. ಆದರೆ ಹಕ್ಕು ಕಾಗದದ ಮೇಲಿದ್ದು ಬಿಡಿಭಾಗ ಅಂಗಡಿಯಲ್ಲಿಲ್ಲದಿದ್ದರೆ ಏನು ಫಲ? ಕೊಳ್ಳುವಾಗಲೇ ಚೀಲ, ಫಿಲ್ಟರು, ಕಾರ್ಬನ್ ಬ್ರಷ್ಷು, ಬ್ಯಾಟರಿ ಇವು ಬಿಡಿಯಾಗಿ ದೊರೆಯುತ್ತವೆಯೇ ಎಂದು ವಿಚಾರಿಸುವ ಗ್ರಾಹಕನೇ ತಯಾರಕರಿಗೆ ನಿಜವಾದ ಪಾಠ ಕಲಿಸಬಲ್ಲ.

ದುರಸ್ತಿಗಿಂತ ಹೊಸದೇ ಅಗ್ಗವೆಂದು ವಾದಿಸುವವರಿದ್ದಾರೆ. ಮೋಟಾರೇ ಸುಟ್ಟಲ್ಲಿ ಆ ವಾದ ಕೆಲವೊಮ್ಮೆ ನಿಜವಾದೀತು. ಆದರೆ ಸವೆದ ಕಾರ್ಬನ್ ಬ್ರಷ್ಷುಗಳೆಂದರೆ ಬೆರಳ ತುದಿಯಷ್ಟು ಗಾತ್ರದ ಎರಡು ತುಂಡುಗಳು. ಅವುಗಳನ್ನು ಬದಲಿಸಲು ತಿಳಿದ ಮೆಕ್ಯಾನಿಕ್ಕಿಗೆ ಹೆಚ್ಚು ಹೊತ್ತು ಬೇಡ. ಅಷ್ಟಕ್ಕಾಗಿ ಇಡೀ ಯಂತ್ರವನ್ನು ಭಂಗಾರಿಗೆ ಹಾಕುವುದು ಗುಂಡಿ ಕಿತ್ತ ಅಂಗಿಯನ್ನು ಬಿಸುಟಂತೆ. ಎಸೆದ ಯಂತ್ರದ ತಾಮ್ರವೂ ಪ್ಲಾಸ್ಟಿಕ್ಕೂ ಯಾವುದೋ ಕೊಳೆಗೇರಿಯ ಬದಿಯಲ್ಲಿ ಸುಟ್ಟು ಹೊಗೆಯಾಗಿ ಅದೇ ನಗರದ ಗಾಳಿಯನ್ನು ಸೇರಬಹುದು. ಮನೆಯ ಧೂಳು ತೆಗೆಯಲು ತಂದ ಯಂತ್ರ ಊರಿಗೆ ಹೊಗೆಯಾಗುವುದು ಎಂಥ ವಿಪರ್ಯಾಸ!

ಕನ್ನಡಿಗರು ಎಲ್ಲಿಯೇ ನೆಲೆಸಿರಲಿ, ಆಯುಧಪೂಜೆಯನ್ನು ಮರೆತಿಲ್ಲ. ಕಾರು, ಸ್ಕೂಟರು, ಗಣಕಯಂತ್ರಗಳ ಜೊತೆಗೆ ಧೂಳು ಹೀರುವ ಯಂತ್ರಕ್ಕೂ ಅರಿಸಿನ ಕುಂಕುಮ, ಚೆಂಡುಹೂವು ಸಲ್ಲುತ್ತವೆ. ಪೂಜೆಗೆ ಮುನ್ನ ಆಯುಧವನ್ನು ತೊಳೆದು, ಉಜ್ಜಿ, ಹರಿತಗೊಳಿಸುವುದು ಹಿರಿಯರ ಪದ್ಧತಿಯಾಗಿತ್ತು; ಕುಂಕುಮ ಅನಂತರದ್ದು. ಆ ದಿನ ಚೀಲ ಬರಿದು ಮಾಡಿ, ಫಿಲ್ಟರು ಪರೀಕ್ಷಿಸಿ, ನಳಿಗೆಯಲ್ಲಿ ಸಿಕ್ಕಿಕೊಂಡದ್ದನ್ನು ಬಿಡಿಸಿ, ವಯರನ್ನು ಉದ್ದಕ್ಕೂ ತಡವಿ ನೋಡಿದರೆ ಪೂಜೆಯ ಅರ್ಧಭಾಗ ಸಂದಂತೆಯೇ. ಆದರೆ ಧೂಳು ವರ್ಷಕ್ಕೊಮ್ಮೆ ಬರುವ ಅತಿಥಿಯಲ್ಲ. ಉಳಿದ ಅರ್ಧಭಾಗವನ್ನು ಪ್ರತಿ ವಾರವೂ, ಯಂತ್ರವನ್ನು ಮೂಲೆಗೆ ಸರಿಸುವ ಮೊದಲಿನ ಐದು ನಿಮಿಷಗಳಲ್ಲಿ ಸಲ್ಲಿಸಬೇಕು.