ಇನ್ಸಾಸ್‌ನಿಂದ ಎಕೆ-203ರವರೆಗೆ: ಸೇನೆಯ ರೈಫಲ್ ಬದಲಾವಣೆಯ ಒಂದು ವಿಶ್ಲೇಷಣೆ

ಭಾರತೀಯ ಭೂಸೇನೆಯ ಪದಾತಿದಳಕ್ಕೆ ಸುಮಾರು ಕಾಲು ಶತಮಾನ ಕಾಲ ಪ್ರಧಾನ ಆಯುಧವಾಗಿದ್ದ ಇನ್ಸಾಸ್ ರೈಫಲ್‌ನ ಸ್ಥಾನದಲ್ಲಿ ಹಂತ ಹಂತವಾಗಿ ಎಕೆ-203 ರೈಫಲ್‌ಗಳನ್ನು ನೀಡಲಾಗುತ್ತಿದೆ. ಹಳೆಯ ಬಂದೂಕಿನ ದೋಷಗಳೇ ಇದಕ್ಕೆ ಕಾರಣವೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಮದ್ದುಗುಂಡಿನ ಪೂರೈಕೆಯ ದೃಷ್ಟಿಯಿಂದಲೂ ಈ ವಿಷಯವನ್ನು ಪರಿಶೀಲಿಸುವುದು ಅವಶ್ಯಕವಾಗಿರುತ್ತದೆ.

ಹಿನ್ನೆಲೆ

ಒಮ್ಮೆಗೆ ಒಂದೇ ಗುಂಡು ಹಾರಿಸುವ 7.62 ಮಿ.ಮೀ. ಎಸ್.ಎಲ್.ಆರ್. ರೈಫಲ್‌ಗೆ ಪರ್ಯಾಯವಾಗಿ, 1980ರ ದಶಕದಲ್ಲಿ ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯು ಇನ್ಸಾಸ್ ಅನ್ನು ರೂಪಿಸಿತು. ರೈಫಲ್, ಲಘು ಮೆಷಿನ್ ಗನ್ ಹಾಗೂ ಕಾರ್ಬೈನ್ ಈ ಮೂರಕ್ಕೂ 5.56 ಮಿ.ಮೀ.ನ ಒಂದೇ ಗುಂಡು ಸಲ್ಲಬೇಕೆಂಬುದು ಯೋಜನೆಯ ಮೂಲ ಉದ್ದೇಶವಾಗಿತ್ತು. ಗುಂಡು ಹಗುರವಾದಷ್ಟೂ ಯೋಧನು ಹೆಚ್ಚು ಗುಂಡುಗಳನ್ನು ಒಯ್ಯಬಲ್ಲನು. ಒಂದೇ ಬಗೆಯದಾದರೆ ಉಗ್ರಾಣ ಮತ್ತು ಸಾಗಣೆ ಸರಳವಾಗುತ್ತವೆ.

ಈ ಉದ್ದೇಶವು ಪೂರ್ಣವಾಗಿ ಈಡೇರಲಿಲ್ಲ. ಸಾಕಷ್ಟು ಮದ್ದುಗುಂಡು ದೊರೆಯದ ಕಾರಣ ರೈಫಲ್‌ನ ವಿತರಣೆ 1990ರ ದಶಕದಲ್ಲಿ ವಿಳಂಬವಾಯಿತು. ಕಾರ್ಬೈನ್ ಅನ್ನು ಸೇನೆಯು ವ್ಯಾಪಕವಾಗಿ ಅಂಗೀಕರಿಸಲಿಲ್ಲ.

ಸೇವಾ ಅನುಭವ

1999ರ ಕಾರ್ಗಿಲ್ ಯುದ್ಧದಲ್ಲಿ ಈ ರೈಫಲ್ ಕಠಿಣ ಪರೀಕ್ಷೆಗೆ ಒಳಪಟ್ಟಿತು. ಅತಿ ಶೀತದಲ್ಲಿ ಪ್ಲಾಸ್ಟಿಕ್ ಮ್ಯಾಗಝೀನ್ ಬಿರುಕು ಬಿಡುವುದು, ಗುಂಡು ಸಿಕ್ಕಿಕೊಳ್ಳುವುದು ಮುಂತಾದ ದೂರುಗಳು ಕೇಳಿಬಂದವು. 2005ರಲ್ಲಿ ನೇಪಾಳ ಸೇನೆಯೂ ದೂರು ನೀಡಿತು. ಅನಂತರ ಸುಧಾರಿತ ಮಾದರಿಗಳು ಬಂದರೂ, ಉಗ್ರರ ವಿರುದ್ಧದ ಕಾರ್ಯಾಚರಣೆಗಳಲ್ಲಿ ಸೈನಿಕರು ಹೆಚ್ಚು ಪ್ರಬಲವಾದ 7.62 ಮಿ.ಮೀ. ಗುಂಡಿನ ಎಕೆ ರೈಫಲ್‌ಗಳಿಗೇ ಆದ್ಯತೆ ನೀಡಿದರು.

ಇತ್ತೀಚಿನ ಖರೀದಿಗಳು

* 2019ರ ಫೆಬ್ರವರಿ: ಅಮೆರಿಕದಿಂದ 72,400 ಸಿಗ್-716 ರೈಫಲ್‌ಗಳು (7.62×51 ಮಿ.ಮೀ.), 2024ರ ಆಗಸ್ಟ್‌ನಲ್ಲಿ ಮತ್ತೆ ಸುಮಾರು 73,000.
* 2020ರ ಮಾರ್ಚ್: ಇಸ್ರೇಲಿನಿಂದ 16,479 ನೆಗೆವ್ ಲಘು ಮೆಷಿನ್ ಗನ್‌ಗಳು (7.62×51 ಮಿ.ಮೀ.).
* 2021ರ ಡಿಸೆಂಬರ್: ಉತ್ತರ ಪ್ರದೇಶದ ಅಮೇಥಿ ಜಿಲ್ಲೆಯ ಕೊರ್ವಾದಲ್ಲಿ ತಯಾರಿಸಲು 6,01,427 ಎಕೆ-203 ರೈಫಲ್‌ಗಳು (7.62×39 ಮಿ.ಮೀ.).

ಕೊರ್ವಾದ ಕಾರ್ಖಾನೆಯು 2019ರ ಮಾರ್ಚ್‌ನಲ್ಲಿಯೇ ಉದ್ಘಾಟನೆಗೊಂಡಿದ್ದರೂ, ಉತ್ಪಾದನೆ ಆರಂಭವಾದದ್ದು 2023ರಲ್ಲಿ. 2024ರ ಜುಲೈ ವೇಳೆಗೆ 35,000 ರೈಫಲ್‌ಗಳನ್ನು ಸೇನೆಗೆ ಹಸ್ತಾಂತರಿಸಲಾಗಿತ್ತು.

ವಿಶ್ಲೇಷಣೆ

ಮೇಲಿನ ಎರಡು 7.62 ಮಿ.ಮೀ. ಗುಂಡುಗಳ ವ್ಯಾಸ ಹೆಸರಿಗೆ ಒಂದೇ ಆದರೂ, ಕೋಶದ ಉದ್ದ ಬೇರೆಯಾದ್ದರಿಂದ ಒಂದರ ಬದಲು ಇನ್ನೊಂದನ್ನು ಬಳಸಲಾಗದು. ಬಳಕೆಯಲ್ಲಿ ಉಳಿದಿರುವ ಇನ್ಸಾಸ್‌ನ ಗುಂಡನ್ನೂ ಸೇರಿಸಿದರೆ, ಒಂದೇ ಗುಂಡಿನ ಗುರಿಯಿಂದ ಹೊರಟ ಸೇನೆಯು ಇಂದು ಮೂರು ಬಗೆಯ ಗುಂಡುಗಳನ್ನು ದಾಸ್ತಾನು ಇಡಬೇಕಾಗಿದೆ. ದೂರದ ಗುರಿಗೆ ಒಂದು, ಸಮೀಪದ ಹೋರಾಟಕ್ಕೆ ಇನ್ನೊಂದು ಎಂಬ ವಿಂಗಡಣೆಗೆ ಯುದ್ಧತಂತ್ರದ ಸಮರ್ಥನೆ ಇದೆ. ಆದರೆ ಪ್ರತಿಯೊಂದು ಬಗೆಗೂ ಪ್ರತ್ಯೇಕ ಉತ್ಪಾದನೆ, ದಾಸ್ತಾನು ಮತ್ತು ಸಾಗಣೆಯ ವೆಚ್ಚ ತಪ್ಪದು.

ರೈಫಲ್‌ನ ಬೆಲೆಯನ್ನು ಒಮ್ಮೆ ಪಾವತಿಸಲಾಗುತ್ತದೆ. ಗುಂಡಿನ ಬೆಲೆಯನ್ನು ರೈಫಲ್ ಸೇವೆಯಲ್ಲಿರುವವರೆಗೂ ಪ್ರತಿವರ್ಷ ಪಾವತಿಸಬೇಕಾಗುತ್ತದೆ. ಇನ್ಸಾಸ್‌ಗೆ ಮೊದಲ ಪೆಟ್ಟು ಬಿದ್ದದ್ದು ಮದ್ದುಗುಂಡಿನ ಕೊರತೆಯಿಂದಲೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಆದ್ದರಿಂದ ಎಕೆ-203 ಯೋಜನೆಯ ಯಶಸ್ಸನ್ನು ಹಸ್ತಾಂತರವಾದ ರೈಫಲ್‌ಗಳ ಸಂಖ್ಯೆಯ ಜೊತೆಗೆ, ಅದರ ಗುಂಡು ಮತ್ತು ಬಿಡಿಭಾಗಗಳು ದೇಶದೊಳಗೇ ನಿರಂತರವಾಗಿ ದೊರೆಯುವುದರ ಮೇಲೂ ಅಳೆಯುವುದು ಸೂಕ್ತವಾಗಿರುತ್ತದೆ.