ಆನೆಕಾಲು: ನಿಲ್ಲದ ಕರೆಯ ಫಲ

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪೇರಿ ಬಾತುಕೊಳ್ಳುವುದನ್ನು ಮಕ್ಕಳೂ ಬಲ್ಲರು. ಇದೇ ಉರಿಯೂತ. ಆಗ ಜೀವಕೋಶಗಳು ಸೈಟೊಕೈನ್ ಎಂಬ ಪ್ರೋಟೀನುಗಳ ಮೂಲಕ ನೆರವಿಗೆ ಕರೆ ಕಳುಹಿಸುತ್ತವೆ. ಅವುಗಳ ಪ್ರಚೋದನೆಯಿಂದ ಹೆಚ್ಚುವ ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನು ಹೊಸ ರಕ್ತನಾಳಗಳನ್ನು ಚಿಗುರಿಸುತ್ತದೆ. ಗಾಯ ಮಾಗಿದ ಮೇಲೆ ಕರೆ ನಿಲ್ಲಬೇಕು. ನಿಲ್ಲದಿದ್ದರೆ ಉಪಕಾರವೇ ಅಪಕಾರವಾಗುತ್ತದೆ. ಸೋರಿಯಾಸಿಸ್‌ನಲ್ಲಿಯೂ ಕೀಲುವಾತದಲ್ಲಿಯೂ ಬೇಡದ ನಾಳಗಳು ಬೆಳೆಯುವುದು ಹೀಗೆ.

ಆನೆಕಾಲು ರೋಗದಲ್ಲಿ ಕೆಡುವುದು ದುಗ್ಧರಸದ ನಾಳಗಳು. ಸೊಳ್ಳೆಯ ಕಡಿತದಿಂದ ದೇಹ ಸೇರಿದ ಫೈಲೇರಿಯಾ ಹುಳು ಅಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಇಂಥ ರೋಗಿಗಳ ರಕ್ತದಲ್ಲಿ ದುಗ್ಧನಾಳಗಳನ್ನು ಬೆಳೆಸುವ ವಿಇಜಿಎಫ್-ಸಿ ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ನಾಳಗಳು ಹಿಗ್ಗಿ, ರಸ ಮೇಲೇರದೆ ಕಾಲಿನಲ್ಲಿಯೇ ನಿಲ್ಲುತ್ತದೆ. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಹೊಕ್ಕಾಗಲೆಲ್ಲ ಜ್ವರ, ನೋವು, ಮತ್ತೆ ಉರಿಯೂತ. ಊತವೂ ಹೆಚ್ಚುತ್ತ ಹೋಗುತ್ತದೆ.

ಮಧೂರಿನ ಉಳಿಯತ್ತಡ್ಕದಲ್ಲಿ ಡಾ. ಎಸ್. ಆರ್. ನರಹರಿಯವರು ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಈ ಸರಪಳಿಯನ್ನು ಕಡಿಯುವ ಚಿಕಿತ್ಸೆಗೆ ಹೆಸರಾಗಿದೆ. ಸಾಬೂನಿನಿಂದ ತೊಳೆದು ಒರೆಸುವುದು, ಆಯುರ್ವೇದದ ತೈಲಾಭ್ಯಂಗ, ಯೋಗ ಹಾಗೂ ಉಸಿರಾಟದ ಅಭ್ಯಾಸ, ಒತ್ತುಪಟ್ಟಿ, ಅಗತ್ಯವಿದ್ದಾಗ ಆಧುನಿಕ ಔಷಧ, ಇವೆಲ್ಲ ಅಲ್ಲಿ ಒಂದಾಗಿವೆ. ಹೆಚ್ಚಿನವನ್ನು ರೋಗಿ ಮನೆಯಲ್ಲಿಯೇ ಮುಂದುವರಿಸಬಹುದು.

ತೋಟದ ಕೆಸರಿನಿಂದ ಮರಳಿದ ಅಜ್ಜನ ಪಾದವನ್ನು ತೊಳೆದು, ಬೆರಳ ಸಂದಿಯನ್ನು ಒಣಗಿಸಲು ಮೊಮ್ಮಕ್ಕಳ ಕೈ ಸಾಕು. ನಾಚಿಕೆಯಿಂದ ಮುಂಡಿನ ಮರೆಯಲ್ಲಿಟ್ಟ ಕಾಲಿಗೆ ಮಾತ್ರ ಚಿಕಿತ್ಸೆ ತಲುಪದು.